ತೋಳಿನ ಮೇಲಿನ ಗ್ಲೂಕೋಸ್ ಸಂವೇದಕ: ಅದರ ಅಳತೆ ಎಷ್ಟು ನಿಖರ?

ಮಧುಮೇಹ ಇರುವ ಕೆಲವರ ಮೇಲ್ತೋಳಿನ ಹಿಂಬದಿಯಲ್ಲಿ ನಾಣ್ಯದಂಥ ಬಿಳಿಯ ಬಿಲ್ಲೆಯೊಂದು ಅಂಟಿಕೊಂಡಿರುವುದನ್ನು ನೀವು ನೋಡಿರಬಹುದು. ನಿಮ್ಮ ಶಾಲೆಯ ವಿದ್ಯಾರ್ಥಿಯೊಬ್ಬನ ತೋಳಿನಲ್ಲೇ ಅದು ಇರಬಹುದು. ಹಗಲೂ ರಾತ್ರಿ ಗ್ಲೂಕೋಸನ್ನು ಅಳೆದು, ಒಂದು ಅಥವಾ ಐದು ನಿಮಿಷಗಳಿಗೊಮ್ಮೆ ಮೊಬೈಲ್ ಫೋನಿಗೆ ಒಂದು ಸಂಖ್ಯೆಯನ್ನು ರವಾನಿಸುವುದು ಅದರ ಕೆಲಸ. ಇದನ್ನು ನಿರಂತರ ಗ್ಲೂಕೋಸ್ ಮಾಪಕ ಎನ್ನಬಹುದು. ವೈದ್ಯರು ಸಿಜಿಎಂ ಎಂದೇ ಕರೆಯುತ್ತಾರೆ.

ಒಂದು ಸಂಜೆಯನ್ನು ಕಲ್ಪಿಸಿಕೊಳ್ಳಿ. ಒಂದನೆಯ ಬಗೆಯ ಮಧುಮೇಹವಿದ್ದು ಇನ್ಸುಲಿನ್ ತೆಗೆದುಕೊಳ್ಳುವ ಹುಡುಗನೊಬ್ಬ ಖೋ ಖೋ ಆಡಿ ಬಂದಿದ್ದಾನೆ. ಫೋನಿನಲ್ಲಿ 92 ಎಂದಿದೆ, ಪಕ್ಕದಲ್ಲಿ ಕೆಳಮುಖವಾದ ಬಾಣ. ಆದರೆ ಅವನ ಕೈ ನಡುಗುತ್ತಿದೆ, ಹಣೆಯ ಮೇಲೆ ತಣ್ಣನೆಯ ಬೆವರು. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಗ್ಲೂಕೋಮೀಟರಿನ ಪಟ್ಟಿಗೆ ತಾಗಿಸಿದರೆ ಅಲ್ಲಿ ಬರುವುದು 66. ಈ ಸಂಖ್ಯೆಗಳೆಲ್ಲ ಒಂದು ಡೆಸಿಲೀಟರ್ ರಕ್ತದಲ್ಲಿರುವ ಗ್ಲೂಕೋಸಿನ ಮಿಲಿಗ್ರಾಂ ಲೆಕ್ಕ. 70ಕ್ಕಿಂತ ಕಡಿಮೆಯಾದರೆ ಗ್ಲೂಕೋಸ್ ಕೊರತೆ ಎಂದು ಭಾವಿಸಿ ಕೂಡಲೇ ಸಕ್ಕರೆ ಕೊಡಬೇಕು. ಇನ್ನೂ ಇಳಿದರೆ ಪ್ರಜ್ಞೆ ತಪ್ಪಬಹುದು, ಸೆಳವು ಬರಬಹುದು.

ಒಂದೇ ದೇಹ, ಒಂದೇ ನಿಮಿಷ, ಎರಡು ಸಂಖ್ಯೆಗಳು. ಒಂದು 'ಪರವಾಗಿಲ್ಲ' ಎನ್ನುತ್ತದೆ, ಇನ್ನೊಂದು 'ಅಪಾಯ' ಎನ್ನುತ್ತದೆ. ಹಾಗಾದರೆ ತೋಳಿನ ಸಂವೇದಕ ಕೆಟ್ಟಿದೆಯೇ? ಹಾಗೇನೂ ಇರಬೇಕಾಗಿಲ್ಲ. ಅದು ತಯಾರಕರು ಹೇಳಿದಷ್ಟೇ ನಿಖರವಾಗಿ ಕೆಲಸ ಮಾಡುತ್ತಿದ್ದರೂ ಹೀಗಾಗಬಹುದು. ಏಕೆಂದು ತಿಳಿಯಬೇಕಾದರೆ ಅದು ಏನನ್ನು, ಎಲ್ಲಿ ಅಳೆಯುತ್ತದೆ ಎಂದು ನೋಡಬೇಕು.

ಕಿಣ್ವ ಕಟ್ಟಿದ ತಂತಿ

ಮೂಲ ಕಲ್ಪನೆ ಅಮೆರಿಕದ ಲೀಲಂಡ್ ಕ್ಲಾರ್ಕ್ ಅವರದು. ರಕ್ತದಲ್ಲಿನ ಆಕ್ಸಿಜನ್ ಅಳೆಯುವ ವಿದ್ಯುದ್ವಾರವನ್ನು ಆಗಲೇ ರೂಪಿಸಿದ್ದ ಅವರು 1962ರಲ್ಲಿ ಸಹೋದ್ಯೋಗಿ ಲಯನ್ಸ್ ಜೊತೆಗೂಡಿ, ವಿದ್ಯುದ್ವಾರದ ಮೇಲೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಕೂರಿಸಿದರೆ ಗ್ಲೂಕೋಸನ್ನೂ ಅಳೆಯಬಹುದು ಎಂದು ಸೂಚಿಸಿದರು. ಈ ಕಿಣ್ವದ ವಿಶೇಷವೆಂದರೆ ಹಲವು ಬಗೆಯ ಸಕ್ಕರೆಗಳ ನಡುವೆ ಅದು ಗ್ಲೂಕೋಸನ್ನೇ ಆರಿಸಿಕೊಳ್ಳುತ್ತದೆ. ಗ್ಲೂಕೋಸ್ ಮತ್ತು ಆಕ್ಸಿಜನ್ ಸೇರಿ ಗ್ಲೂಕನೋಲ್ಯಾಕ್ಟೋನ್ ಹಾಗೂ ಹೈಡ್ರೊಜನ್ ಪೆರಾಕ್ಸೈಡ್ ಆಗುತ್ತವೆ. ಸುಮಾರು 0.6 ವೋಲ್ಟ್ ವಿಭವದಲ್ಲಿರುವ ಪ್ಲಾಟಿನಂ ತಂತಿಯ ಮೇಲೆ ಆ ಪೆರಾಕ್ಸೈಡ್ ಉತ್ಕರ್ಷಣೆಗೊಂಡು, ಅಣುವೊಂದಕ್ಕೆ ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಗ್ಲೂಕೋಸ್ ಹೆಚ್ಚಿದಷ್ಟೂ ವಿದ್ಯುತ್ ಪ್ರವಾಹ ಹೆಚ್ಚುತ್ತದೆ. ಪ್ರವಾಹ ಅತ್ಯಲ್ಪ, ನ್ಯಾನೊಆಂಪಿಯರುಗಳ ಲೆಕ್ಕದ್ದು.

ಗಮನಿಸಿ, ಸಂವೇದಕ ನಿಜವಾಗಿ ಅಳೆಯುವುದು ಈ ಪ್ರವಾಹವನ್ನು, ಗ್ಲೂಕೋಸನ್ನಲ್ಲ. 'ಇಷ್ಟು ನ್ಯಾನೊಆಂಪಿಯರ್ ಎಂದರೆ ಇಷ್ಟು ಮಿಲಿಗ್ರಾಂ' ಎಂಬ ಹೊಂದಾಣಿಕೆಯನ್ನು ಯಾರಾದರೂ ಮಾಡಿಕೊಡಬೇಕು. ಇದೇ ಕ್ಯಾಲಿಬ್ರೇಷನ್. 1999ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಸಿಜಿಎಂ ಅನ್ನು ಮೂರು ದಿನ ಧರಿಸಬೇಕಾಗಿತ್ತು, ನಡುನಡುವೆ ಬೆರಳು ಚುಚ್ಚಿ ಅದಕ್ಕೆ ಸರಿಯಾದ ಸಂಖ್ಯೆಯನ್ನು ಹೇಳಿಕೊಡಬೇಕಾಗಿತ್ತು. ಅಳತೆಗಳನ್ನು ವೈದ್ಯರು ಆಮೇಲೆ ತೆಗೆದು ನೋಡುತ್ತಿದ್ದರು. 2014ರಲ್ಲಿ ಯೂರೋಪಿನಲ್ಲಿ ಬಿಡುಗಡೆಯಾದ ಫ್ರೀಸ್ಟೈಲ್ ಲಿಬ್ರೆ ಕಾರ್ಖಾನೆಯಲ್ಲೇ ಹೊಂದಾಣಿಕೆಯಾಗಿ ಬಂತು, ಬಾಳಿಕೆ 14 ದಿನ. ರೋಗಿಗೆ ಸಂಖ್ಯೆ ಕಾಣದೆ ವೈದ್ಯರಷ್ಟೇ ಓದಬಲ್ಲ ಅದರ 'ಪ್ರೊ' ರೂಪ 2015ರಲ್ಲಿ ಭಾರತಕ್ಕೆ ಬಂದಿತು. ಬೆರಳಿಗೆ ಸೂಜಿ ತಪ್ಪಿತೆಂಬುದು ದೊಡ್ಡ ಲಾಭವೇ. ಆದರೆ ಕಾರ್ಖಾನೆಯಲ್ಲಿ ಹೊಂದಾಣಿಕೆ ತಪ್ಪಿದರೆ ಬಳಸುವವನಿಗೆ ಅದು ಗೊತ್ತಾಗುವ ದಾರಿಯೂ ಅಷ್ಟಕ್ಕಷ್ಟೆ.

ಪ್ಲಾಟಿನಂ ತಂತಿಗೆ ಇನ್ನೊಂದು ತೊಡಕಿದೆ. 0.6 ವೋಲ್ಟಿನಲ್ಲಿ ಪೆರಾಕ್ಸೈಡ್ ಮಾತ್ರವಲ್ಲ, ಜ್ವರಕ್ಕೆ ನಾವೆಲ್ಲ ನುಂಗುವ ಪ್ಯಾರಾಸಿಟಮಾಲ್ ಕೂಡ ಉತ್ಕರ್ಷಣೆಗೊಳ್ಳುತ್ತದೆ. ತಂತಿಗೆ ಎಲೆಕ್ಟ್ರಾನ್ ಯಾವ ಅಣುವಿನದೆಂದು ತಿಳಿಯದು. ಹಳೆಯ ಕೆಲವು ಸಂವೇದಕಗಳಲ್ಲಿ ಒಂದು ಮಾತ್ರೆ ನುಂಗಿದರೆ ಗ್ಲೂಕೋಸ್ ಗಂಟೆಗಟ್ಟಲೆ ಸುಳ್ಳು ಎತ್ತರದಲ್ಲಿ ನಿಲ್ಲುತ್ತಿತ್ತು. ಡೆಕ್ಸ್‌ಕಾಮ್ ಜಿ6ರಲ್ಲಿ ಪ್ಯಾರಾಸಿಟಮಾಲನ್ನು ತಡೆಯುವ ಪೊರೆಯನ್ನು ಅಳವಡಿಸಿದ ಮೇಲೆ ಆರು ಗಂಟೆಗೊಮ್ಮೆ ಒಂದು ಗ್ರಾಂ ವರೆಗೆ ತೊಂದರೆಯಿಲ್ಲ ಎಂದಾಯಿತು. ಲಿಬ್ರೆಯಲ್ಲಿ ಆಕ್ಸಿಜನ್ ಬದಲು ಆಸ್ಮಿಯಂ ಸಂಯುಕ್ತವೊಂದು ಕಿಣ್ವದಿಂದ ಎಲೆಕ್ಟ್ರಾನನ್ನು ಹೊತ್ತು ತರುತ್ತದೆ. ಕಡಿಮೆ ವಿಭವ ಸಾಕಾಗುವುದರಿಂದ ಪ್ಯಾರಾಸಿಟಮಾಲ್ ಅಲ್ಲಿ ತಲೆಹಾಕುವುದಿಲ್ಲ. ಬದಲಿಗೆ ಸಿ ಜೀವಸತ್ವ ತಲೆಹಾಕುತ್ತದೆ! ದಿನಕ್ಕೆ 500 ಮಿಲಿಗ್ರಾಂ ಮೀರಿದರೆ ಸಂಖ್ಯೆ ಸುಳ್ಳಾಗಿ ಏರಬಹುದೆಂದು ಲಿಬ್ರೆ 2ರ ಸೂಚನಾಪತ್ರದಲ್ಲೇ ಇದೆ. ಕುಡಗೋಲು ಕಣ ರೋಗಕ್ಕೆ ಕೊಡುವ ಹೈಡ್ರಾಕ್ಸಿಯೂರಿಯಾ ಡೆಕ್ಸ್‌ಕಾಮ್ ಸಂವೇದಕಗಳನ್ನು ಇದೇ ರೀತಿ ದಾರಿ ತಪ್ಪಿಸುತ್ತದೆ. ಸಂವೇದಕ ಧರಿಸಿದವರು ಔಷಧಗಳ ಪಟ್ಟಿಯನ್ನು ವೈದ್ಯರಿಗೆ ಹೇಳಬೇಕೆಂಬುದು ಈ ಕಾರಣಕ್ಕೆ.

ರಕ್ತವಲ್ಲ, ರಕ್ತದ ನೆರೆಯ ದ್ರವ

ಈಗ ಮುಖ್ಯ ವಿಷಯಕ್ಕೆ ಬರೋಣ. ಸಂವೇದಕದ ಎಳೆ ಚರ್ಮದಡಿಗೆ ಸುಮಾರು ಐದು ಮಿಲಿಮೀಟರ್ ಇಳಿದಿರುತ್ತದೆ. ಅದು ರಕ್ತನಾಳದೊಳಗಿಲ್ಲ. ಜೀವಕೋಶಗಳ ನಡುವೆ ತುಂಬಿರುವ ದ್ರವದಲ್ಲಿದೆ. ಗ್ಲೂಕೋಸ್ ಲೋಮನಾಳಗಳ ಗೋಡೆಯಿಂದ ಹೊರಸೂಸಿ ಈ ದ್ರವಕ್ಕೆ ಬರಬೇಕು, ಅಲ್ಲಿಂದ ಸಂವೇದಕದ ಪೊರೆಯನ್ನು ದಾಟಿ ಕಿಣ್ವವನ್ನು ಸೇರಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ಆರೋಗ್ಯವಂತರಲ್ಲಿ ಗುರುತು ಹಾಕಿದ ಗ್ಲೂಕೋಸ್ ಅಣುಗಳನ್ನು ಹಿಂಬಾಲಿಸಿ ನೋಡಿದಾಗ ರಕ್ತದಿಂದ ಆ ದ್ರವಕ್ಕೆ ಬರಲು ಐದಾರು ನಿಮಿಷ ಬೇಕೆಂದು ಕಂಡಿತು. ಪೊರೆ ಹಾಗೂ ಗಣಕದ ಲೆಕ್ಕಾಚಾರಗಳಿಂದ ಇನ್ನಷ್ಟು ವಿಳಂಬ ಸೇರಬಹುದು.

ರಕ್ತದ ಗ್ಲೂಕೋಸ್ ಒಂದೇ ಮಟ್ಟದಲ್ಲಿದ್ದರೆ ಈ ವಿಳಂಬದಿಂದ ಏನೂ ನಷ್ಟವಿಲ್ಲ. ಏರುವಾಗ ಅಥವಾ ಇಳಿಯುವಾಗ ಮಾತ್ರ ಪೆಟ್ಟು ಬೀಳುತ್ತದೆ. ಲೆಕ್ಕ ಸರಳ: ಬದಲಾವಣೆಯ ದರವನ್ನು ವಿಳಂಬದಿಂದ ಗುಣಿಸಿ. ಆಟವಾಡಿ ಬಂದ ಹುಡುಗನ ಗ್ಲೂಕೋಸ್ ನಿಮಿಷಕ್ಕೆ 2ರಂತೆ ಇಳಿಯುತ್ತಿದ್ದು, ಒಟ್ಟು ವಿಳಂಬ 8 ನಿಮಿಷವಾಗಿದ್ದರೆ, ಅಂತರ 16. ರಕ್ತದಲ್ಲಿ 66 ಇದ್ದಾಗ ದೋಷವೇ ಇಲ್ಲದ ಸಂವೇದಕ ಕೂಡ 82 ಎನ್ನುತ್ತದೆ. ಅದು ಸುಳ್ಳಲ್ಲ, ಎಂಟು ನಿಮಿಷ ಹಳೆಯ ಸುದ್ದಿ. 82 ಮತ್ತು 92ರ ನಡುವಿನ 10 ಮಾತ್ರ ಉಪಕರಣದ ದೋಷ.

ಇದನ್ನು ತರಗತಿಯಲ್ಲಿ ತೋರಿಸಲು ಸಂವೇದಕ ಬೇಕಿಲ್ಲ, ಎರಡು ಉಷ್ಣತಾಮಾಪಕಗಳು ಸಾಕು. ಬೀಕರಿನಲ್ಲಿ ನೀರು ತೆಗೆದುಕೊಳ್ಳಿ. ಒಂದು ಮಾಪಕವನ್ನು ನೇರವಾಗಿ ನೀರಿನಲ್ಲಿಡಿ. ಇನ್ನೊಂದನ್ನು ಕೊಬ್ಬರಿ ಎಣ್ಣೆ ತುಂಬಿದ ಪ್ರನಾಳದಲ್ಲಿಟ್ಟು, ಆ ಪ್ರನಾಳವನ್ನು ಅದೇ ನೀರಿನಲ್ಲಿ ಮುಳುಗಿಸಿ. ನೀರನ್ನು ಕಲಕುತ್ತ ನಿಧಾನವಾಗಿ ಕಾಯಿಸಿ, ಕುದಿಯುವ ಮೊದಲೇ ಉರಿ ಆರಿಸಿ, ಸ್ವಲ್ಪ ಸ್ವಲ್ಪವಾಗಿ ತಣ್ಣೀರು ಬೆರೆಸುತ್ತ ಬನ್ನಿ. ಅರ್ಧ ನಿಮಿಷಕ್ಕೊಮ್ಮೆ ಎರಡನ್ನೂ ಓದಿ ಒಂದೇ ನಕ್ಷೆಯ ಮೇಲೆ ಗುರುತಿಸಿ. ನೀರು ರಕ್ತ, ಎಣ್ಣೆ ಕೋಶಗಳ ನಡುವಿನ ದ್ರವ ಎಂದುಕೊಳ್ಳಿ. ಏರುವಾಗ ಎಣ್ಣೆಯ ಮಾಪಕ ಕಡಿಮೆ ತೋರಿಸುತ್ತದೆ, ಇಳಿಯುವಾಗ ಹೆಚ್ಚು ತೋರಿಸುತ್ತದೆ. ನೀರು ಇಳಿಯತೊಡಗಿದ ಮೇಲೂ ಎಣ್ಣೆ ಸ್ವಲ್ಪ ಹೊತ್ತು ಏರುತ್ತಲೇ ಇರುತ್ತದೆ. ಅದರ ಶಿಖರ ತಡವಾಗಿ ಬರುತ್ತದೆ, ಎತ್ತರವೂ ಕಡಿಮೆ. ಮಕ್ಕಳು ಮಾಪಕ ಕೆಟ್ಟಿದೆ ಎಂದರೆ, ಎರಡನ್ನೂ ಅದಲುಬದಲು ಮಾಡಿ ಮತ್ತೊಮ್ಮೆ ತೋರಿಸಿ.

'ಹಾಗಾದರೆ ಇಳಿಯುವ ದರವನ್ನು ನೋಡಿ, ಈಗಿನ ಬೆಲೆಯನ್ನು ಗಣಕವೇ ಊಹಿಸಬಾರದೇ?' ಎಂದು ಜಾಣ ವಿದ್ಯಾರ್ಥಿಯೊಬ್ಬ ಕೇಳಬಹುದು. ಕೇಳಲೇಬೇಕು. ಇದನ್ನು ಮಾಡುವ ವಿಧಾನಗಳಿವೆ. ಆದರೆ ದರವನ್ನು ಕಂಡುಹಿಡಿಯಲು ಎರಡು ಅಳತೆಗಳ ವ್ಯತ್ಯಾಸ ತೆಗೆಯಬೇಕು, ಆಗ ಅಳತೆಯಲ್ಲಿರುವ ಚಿಕ್ಕ ಚಿಕ್ಕ ಏರಿಳಿತಗಳೂ ದೊಡ್ಡದಾಗುತ್ತವೆ. ಅವನ್ನು ಅಳಿಸಲು ಸರಾಸರಿ ತೆಗೆದರೆ ವಿಳಂಬ ಮರಳಿ ಬರುತ್ತದೆ. ಒಂದು ಕೈಯಲ್ಲಿ ಪಡೆದದ್ದನ್ನು ಇನ್ನೊಂದು ಕೈಯಿಂದ ಕೊಡಬೇಕು.

ಒಂದು ಸಂಖ್ಯೆಯಲ್ಲಿ ಅಡಗಿದ ದೋಷ

ಸಂವೇದಕದ ಗುಣವನ್ನು ಹೇಳಲು ತಯಾರಕರು ಬಳಸುವ ಅಂಕಿಗೆ 'ಮಾರ್ಡ್' ಎಂದು ಹೆಸರು. ಅದೇ ಹೊತ್ತಿನ ಆಧಾರ ಅಳತೆಗೂ ಸಂವೇದಕದ ಅಳತೆಗೂ ಇರುವ ವ್ಯತ್ಯಾಸವನ್ನು ಆಧಾರ ಅಳತೆಯ ಶೇಕಡಾವಾರಾಗಿ ಬರೆದು, ಧನ ಋಣ ಚಿಹ್ನೆಗಳನ್ನು ಬಿಟ್ಟು, ಎಲ್ಲ ಜೋಡಿಗಳ ಸರಾಸರಿ ತೆಗೆದರೆ ಬರುವುದೇ ಮಾರ್ಡ್. ಚಿಕ್ಕದಾದಷ್ಟೂ ಒಳ್ಳೆಯದು. ಮೊದಲ ಲಿಬ್ರೆಯದು ಶೇ. 11.4 ಎಂದು 2015ರಲ್ಲಿ ಪ್ರಕಟವಾಯಿತು. ಡೆಕ್ಸ್‌ಕಾಮ್ ಜಿ7 ತೋಳಿನಲ್ಲಿ ಧರಿಸಿದ ವಯಸ್ಕರಲ್ಲಿ ಶೇ. 8.2 ಎಂದು 2022ರಲ್ಲಿ ಪ್ರಕಟವಾಯಿತು. ಪ್ರಗತಿ ಆಗಿದೆ, ಅನುಮಾನವಿಲ್ಲ.

ಆದರೆ ಈ ಲೆಕ್ಕವನ್ನು ಮಾಡಿ ನೋಡಿ. ಒಂದು ಸಂವೇದಕದಿಂದ ಹತ್ತು ಅಳತೆಗಳು. ಒಂಬತ್ತರಲ್ಲಿ ದೋಷ ತಲಾ ಶೇ. 5. ಹತ್ತನೆಯದರಲ್ಲಿ ರಕ್ತದ ಗ್ಲೂಕೋಸ್ 50, ಸಂವೇದಕ ಹೇಳಿದ್ದು 72, ದೋಷ ಶೇ. 44. ಸರಾಸರಿ ಶೇ. 8.9. ಇನ್ನೊಂದು ಸಂವೇದಕದಲ್ಲಿ ಹತ್ತೂ ಅಳತೆಗಳ ದೋಷ ತಲಾ ಶೇ. 8.9. ಅದರ ಮಾರ್ಡ್ ಕೂಡ 8.9. ಜಾಹೀರಾತಿನಲ್ಲಿ ಎರಡೂ ಒಂದೇ. ಆದರೆ ಮೊದಲನೆಯದು ಪ್ರಾಣಾಪಾಯದ ಒಂದೇ ಒಂದು ಗಳಿಗೆಯಲ್ಲಿ 70ರ ಗಡಿಯ ಮೇಲೆ ನಿಂತು, ಎಚ್ಚರಿಕೆಯ ಗಂಟೆ ಬಾರಿಸದೆ ಸುಮ್ಮನಿತ್ತು. ಯಾವುದನ್ನು ಮಗುವಿನ ತೋಳಿಗೆ ಅಂಟಿಸುತ್ತೀರಿ?

ಚಿಹ್ನೆಯನ್ನು ಬಿಟ್ಟದ್ದರಿಂದ ಇನ್ನೊಂದು ಮಾಹಿತಿಯೂ ಕಳೆದುಹೋಗುತ್ತದೆ. ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ತೋರಿಸುವ ಯಾದೃಚ್ಛಿಕ ದೋಷ ಒಂದು ಬಗೆ, ಸದಾ ಒಂದೇ ಕಡೆಗೆ ವಾಲುವ ವ್ಯವಸ್ಥಿತ ದೋಷ ಇನ್ನೊಂದು ಬಗೆ. ಪ್ರಯೋಗಾಲಯದಲ್ಲಿ ಶೂನ್ಯ ತಪ್ಪಿದ ವರ್ನಿಯರ್ ಕ್ಯಾಲಿಪರ್ಸ್ ಬಳಸಿದವರಿಗೆ ಇದು ಗೊತ್ತು. ಹದಿನಾಲ್ಕು ದಿನಗಳ ಸಾವಿರಾರು ಅಳತೆಗಳ ಸರಾಸರಿ ತೆಗೆದರೆ ಮೊದಲನೆಯ ಬಗೆಯ ದೋಷ ಬಹುಪಾಲು ಕರಗುತ್ತದೆ, ಎರಡನೆಯದು ಕರಗುವುದಿಲ್ಲ. ವೈದ್ಯರು ನೋಡುವ '70ರಿಂದ 180ರ ನಡುವೆ ಶೇಕಡಾ ಎಷ್ಟು ಹೊತ್ತು' ಎಂಬ ಲೆಕ್ಕವನ್ನು ಅದು ಸದ್ದಿಲ್ಲದೆ ಬದಲಿಸಿಬಿಡುತ್ತದೆ.

ಆಧಾರ ಅಳತೆ ಯಾವುದು ಎಂಬುದೂ ಮುಖ್ಯ. ಅಭಿಧಮನಿಯ ರಕ್ತವನ್ನು ಪ್ರಯೋಗಾಲಯದ ವಿಶ್ಲೇಷಕದಲ್ಲಿ ಅಳೆದರೆ ಒಂದು ಉತ್ತರ, ಬೆರಳ ತುದಿಯ ರಕ್ತವನ್ನು ಗ್ಲೂಕೋಮೀಟರಿನಲ್ಲಿ ಅಳೆದರೆ ಇನ್ನೊಂದು. ಇಳಿಕೆಯನ್ನು ಎಷ್ಟು ಬಾರಿ ಪರೀಕ್ಷಿಸಿದರು, ಏರಿಳಿತ ಎಷ್ಟು ವೇಗದ್ದು ಎಂಬುದರ ಮೇಲೂ ಮಾರ್ಡ್ ಬದಲಾಗುತ್ತದೆ. ಜರ್ಮನಿಯ ಉಲ್ಮ್ ನಗರದ ಸಂಶೋಧಕರು ಮೂರು ಪ್ರಸಿದ್ಧ ಸಂವೇದಕಗಳನ್ನು ಒಂದೇ ವ್ಯಕ್ತಿಗಳಿಗೆ ಒಟ್ಟಿಗೆ ತೊಡಿಸಿ, ಬೇಕೆಂದೇ ಗ್ಲೂಕೋಸನ್ನು ಏರಿಸಿ ಇಳಿಸಿ ನೋಡಿದಾಗ, ಪ್ರಯೋಗಾಲಯದ ವಿಶ್ಲೇಷಕಕ್ಕೆ ಹೋಲಿಸಿ ಮೂರರ ಮಾರ್ಡ್ ಕೂಡ ಶೇ. 12ರ ಆಸುಪಾಸಿನಲ್ಲಿತ್ತು. ಬೇರೆ ಬೇರೆ ಅಧ್ಯಯನಗಳ ಮಾರ್ಡ್‌ಗಳನ್ನು ಪಕ್ಕಪಕ್ಕ ಇಟ್ಟು ಇದು ಮೇಲು, ಅದು ಕೀಳು ಎನ್ನುವುದು ಬೇರೆ ಬೇರೆ ಪ್ರಶ್ನೆಪತ್ರಿಕೆಗಳ ಅಂಕಗಳನ್ನು ಹೋಲಿಸಿದಂತೆ.

ಅಳತೆ ಎಷ್ಟು ತಪ್ಪಿತು ಎನ್ನುವುದಕ್ಕಿಂತ ಆ ತಪ್ಪಿನಿಂದ ಚಿಕಿತ್ಸೆ ಎಷ್ಟು ತಪ್ಪುತ್ತದೆ ಎಂದು ಕೇಳುವುದು ಹೆಚ್ಚು ಅರ್ಥಪೂರ್ಣ. 1987ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ವಿಲಿಯಂ ಕ್ಲಾರ್ಕ್ ಮತ್ತು ಸಂಗಡಿಗರು ಪ್ರಕಟಿಸಿದ ದೋಷ ಜಾಲರಿ ಇದೇ ಪ್ರಶ್ನೆಯಿಂದ ಹುಟ್ಟಿತು. ನಕ್ಷೆಯನ್ನು ಎ ಯಿಂದ ಇ ವರೆಗೆ ಐದು ವಲಯಗಳಾಗಿ ಹಂಚಿದರು. ಎ ವಲಯದಲ್ಲಿ ಚಿಕಿತ್ಸೆ ಸರಿಯಾಗಿಯೇ ಇರುತ್ತದೆ. ಇ ವಲಯದಲ್ಲಿ ಸಕ್ಕರೆ ಕೊಡಬೇಕಾದವರಿಗೆ ಇನ್ಸುಲಿನ್ ಕೊಟ್ಟಂತಾಗುತ್ತದೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ಡೆಕ್ಸ್‌ಕಾಮ್ ಜಿ6ಕ್ಕೆ ಅನುಮತಿ ನೀಡುವಾಗ, ಇನ್ಸುಲಿನ್ ಪಂಪಿನೊಂದಿಗೆ ಜೋಡಿಸಬಹುದಾದ ಸಂವೇದಕಗಳಿಗೆಂದು ಮಾಡಿದ ನಿಯಮಗಳಲ್ಲೂ ಈ ವಿವೇಕ ಇದೆ. ಅಲ್ಲಿ ಒಂದೇ ಸರಾಸರಿ ಸಾಲದು. 70ಕ್ಕಿಂತ ಕೆಳಗಿನ ಅಳತೆಗಳಲ್ಲಿ ಶೇ. 85ಕ್ಕಿಂತ ಹೆಚ್ಚು ನಿಜ ಬೆಲೆಯಿಂದ 15 ಮಿಲಿಗ್ರಾಮಿನೊಳಗೆ ಇರಬೇಕು. 70ರಿಂದ 180ರ ನಡುವೆ, 180ರ ಮೇಲೆ ಬೇರೆ ಬೇರೆ ಮಿತಿಗಳು. ನಿಜ ಬೆಲೆ 180 ಮೀರಿರುವಾಗ ಒಮ್ಮೆಯೂ 70ಕ್ಕಿಂತ ಕಡಿಮೆ ತೋರಿಸಕೂಡದು, ಅದರ ವಿರುದ್ಧವೂ ಕೂಡದು. ಪಂಪು ಮನುಷ್ಯನಂತೆ ಅನುಮಾನಪಡುವುದಿಲ್ಲ, ಸಂಖ್ಯೆ ನೋಡಿ ಇನ್ಸುಲಿನ್ ಸುರಿಸುತ್ತದೆ. ಹಾಗಾಗಿ ಈ ಕಟ್ಟುನಿಟ್ಟು. ಆದರೂ ಇನ್ನೊಂದು ದಿಕ್ಕಿನಿಂದ ಓದಿ: ತೀರ ಕೆಳಮಟ್ಟದಲ್ಲಿ ಏಳು ಅಳತೆಗಳಲ್ಲಿ ಸುಮಾರು ಒಂದು 15ಕ್ಕಿಂತ ಹೆಚ್ಚು ತಪ್ಪಿದರೂ ಸಂವೇದಕ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ.

ಬೆರಳಿನ ಗ್ಲೂಕೋಮೀಟರ್ ಕೂಡ ದೇವವಾಕ್ಯವಲ್ಲ ಎಂಬುದನ್ನು ಇಲ್ಲೇ ಹೇಳಬೇಕು. 2013ರ ಐಎಸ್‌ಒ 15197 ಮಾನಕದ ಪ್ರಕಾರ ಅದರ ಶೇ. 95ರಷ್ಟು ಅಳತೆಗಳು, 100ಕ್ಕಿಂತ ಕೆಳಗೆ 15 ಮಿಲಿಗ್ರಾಮಿನೊಳಗೆ, ಮೇಲೆ ಶೇ. 15ರೊಳಗೆ ಇದ್ದರೆ ಸಾಕು. ಹಣ್ಣು ಮುಟ್ಟಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಅಷ್ಟೂ ಉಳಿಯುವುದಿಲ್ಲ.

ಎಲ್ಲಿ ನಂಬಬೇಕು, ಎಲ್ಲಿ ಚುಚ್ಚಬೇಕು

ಸಂವೇದಕವನ್ನು ಅಂಟಿಸಿದ ಮೊದಲ ದಿನ ಅಳತೆ ಹೆಚ್ಚು ಓಲಾಡುತ್ತದೆ. ಎಳೆ ಹೊಕ್ಕ ಜಾಗದಲ್ಲಿ ಆದ ಸಣ್ಣ ಗಾಯ ಮತ್ತು ಉರಿಯೂತ ಅಲ್ಲಿನ ಗ್ಲೂಕೋಸನ್ನು ಏರುಪೇರು ಮಾಡುತ್ತವೆ. ರಾತ್ರಿ ಅದೇ ತೋಳಿನ ಮೇಲೆ ಮಲಗಿದರೆ ಒತ್ತಡದಿಂದ ರಕ್ತಸಂಚಾರ ತಗ್ಗಿ, ಸಂಖ್ಯೆ ದಿಢೀರನೆ 60, 50 ಎಂದು ಕುಸಿಯುತ್ತದೆ, ಗಂಟೆ ಬಾರಿಸುತ್ತದೆ. ಮಗ್ಗುಲು ಬದಲಿಸಿದ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಮೇಲೇರುತ್ತದೆ. ನಕ್ಷೆಯಲ್ಲಿ ಚೂಪಾದ ಹಳ್ಳದಂತೆ ಕಾಣುವ ಈ ಸುಳ್ಳು ಇಳಿಕೆಗೆ ಬೆದರಿ, ನಿದ್ದೆಗಣ್ಣಿನ ಮಗುವಿಗೆ ಸಕ್ಕರೆ ನೀರು ಕುಡಿಸಿದ ತಂದೆತಾಯಂದಿರು ಕಡಿಮೆಯೇನಲ್ಲ.

ಸುಳ್ಳು ಇಳಿಕೆ ಬರಿಯ ಕಿರಿಕಿರಿ ಎಂದುಕೊಳ್ಳಬೇಡಿ. 2025ರ ನವೆಂಬರಿನಲ್ಲಿ ಅಬಾಟ್ ಸಂಸ್ಥೆ ತನ್ನ ಲಿಬ್ರೆ 3 ಮತ್ತು ಲಿಬ್ರೆ 3 ಪ್ಲಸ್ ಸಂವೇದಕಗಳ ಕೆಲವು ತಂಡಗಳು ನಿಜಕ್ಕಿಂತ ಕಡಿಮೆ ತೋರಿಸಬಹುದೆಂದು ಎಚ್ಚರಿಕೆ ಕೊಟ್ಟಿತು. ಒಂದು ತಯಾರಿಕಾ ಸಾಲಿನ ದೋಷ ಅದು. ಅಮೆರಿಕದಲ್ಲೇ ಸುಮಾರು 30 ಲಕ್ಷ ಸಂವೇದಕಗಳು ಇದರ ವ್ಯಾಪ್ತಿಗೆ ಬಂದವು. ಜಗತ್ತಿನಾದ್ಯಂತ ಏಳು ಸಾವುಗಳಿಗೆ ಇದರೊಂದಿಗೆ ನಂಟು ಇರಬಹುದೆಂಬ ವರದಿಗಳು ಬಂದಿದ್ದವು. ಸದಾ ಕಡಿಮೆ ತೋರಿಸುವ ಸಂಖ್ಯೆಯನ್ನು ನಂಬಿದವರು ಇನ್ಸುಲಿನ್ ಬಿಡುತ್ತಾರೆ, ಬೇಡದಿದ್ದರೂ ಸಿಹಿ ತಿನ್ನುತ್ತಾರೆ. ಆಗ ಗ್ಲೂಕೋಸ್ ಯಾರ ಕಣ್ಣಿಗೂ ಬೀಳದೆ ಏರುತ್ತ ಹೋಗುತ್ತದೆ. ಮೇಲೆ ಹೇಳಿದ ವ್ಯವಸ್ಥಿತ ದೋಷ ಎಂದರೆ ಇದೇ.

ಇನ್ನು, ಚರ್ಮವನ್ನು ಚುಚ್ಚದೆ ಗ್ಲೂಕೋಸ್ ಅಳೆಯುತ್ತೇವೆಂದು ಮಾರಾಟವಾಗುವ ಕೈಗಡಿಯಾರ, ಉಂಗುರಗಳ ವಿಷಯ. 2001ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಗ್ಲೂಕೋವಾಚ್ ಚರ್ಮದ ಮೂಲಕ ಅಲ್ಪ ವಿದ್ಯುತ್ ಹರಿಸಿ ದ್ರವವನ್ನು ಹೊರಗೆಳೆಯುತ್ತಿತ್ತು. ಚರ್ಮ ಕೆಂಪಾಗಿ ಕೆರಳುತ್ತಿತ್ತು, ಕೆಲವೇ ವರ್ಷಗಳಲ್ಲಿ ಅದು ಮಾರುಕಟ್ಟೆಯಿಂದ ಮರೆಯಾಯಿತು. ಚುಚ್ಚದೆ ಅಳೆಯುವ ಯಾವ ಗಡಿಯಾರಕ್ಕೂ ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲವೆಂದು 2024ರ ಫೆಬ್ರವರಿಯಲ್ಲಿ ಅದೇ ಆಡಳಿತ ಸಾರ್ವಜನಿಕರನ್ನು ಎಚ್ಚರಿಸಿತು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ 10.1 ಕೋಟಿ ಎಂದು ಅಂದಾಜಿಸಿದೆ. ಇಷ್ಟು ದೊಡ್ಡ ಸಂತೆಯಲ್ಲಿ ಅಗ್ಗದ ಗಡಿಯಾರಗಳು ಬಾರದೆ ಇರುತ್ತವೆಯೇ?

ಮತ್ತೆ ಆ ಹುಡುಗನ ಬಳಿಗೆ ಬರೋಣ. ಕೈ ನಡುಗುತ್ತಿದ್ದು ಫೋನು 92 ಎಂದಾಗ ಅವನು ಬೆರಳು ಚುಚ್ಚಿ ನೋಡಿದ್ದು ಸರಿ. ದೇಹದ ಲಕ್ಷಣಕ್ಕೂ ಸಂಖ್ಯೆಗೂ ಹೊಂದಿಕೆಯಾಗದಿದ್ದರೆ, ಬಾಣ ನೇರ ಕೆಳಗೋ ಮೇಲೋ ಇದ್ದರೆ, ಸಂವೇದಕ ಹೊಸದಾಗಿದ್ದರೆ, ರಕ್ತದಲ್ಲೇ ನೋಡಬೇಕು. ಗ್ಲೂಕೋಮೀಟರ್ ಕೈಯಲ್ಲಿಲ್ಲವೆಂದರೆ ಲಕ್ಷಣವನ್ನೇ ನಂಬಿ ಸಕ್ಕರೆ ಕೊಡಬೇಕು. 15 ಗ್ರಾಂ, ಅಂದರೆ ಮೂರು ಟೀ ಚಮಚದಷ್ಟು ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಟ್ಟರು ಎನ್ನಿ. ಹದಿನೈದು ನಿಮಿಷ ಕಳೆದ ಮೇಲೆ ಫೋನು ನೋಡಿದರೆ 71, ಬಾಣ ಇನ್ನೂ ಕೆಳಗೇ! ಮನೆಯವರು ಗಾಬರಿಯಿಂದ ಎರಡನೆಯ ಲೋಟ ಕದಡುತ್ತಾರೆ. ಆದರೆ ಎಣ್ಣೆಯಲ್ಲಿದ್ದ ಉಷ್ಣತಾಮಾಪಕವನ್ನು ನೆನೆಯಿರಿ. ರಕ್ತ ತಿರುಗಿ ಏರತೊಡಗಿದ ಮೇಲೂ ತೋಳಿನ ದ್ರವ ಸ್ವಲ್ಪ ಹೊತ್ತು ಇಳಿಯುತ್ತಲೇ ಇರುತ್ತದೆ. ಎರಡನೆಯ ಲೋಟ ಕೊಡುವ ಮುನ್ನ ಕೈ ತೊಳೆದು ಬೆರಳು ಚುಚ್ಚಿದರೆ ಗ್ಲೂಕೋಮೀಟರ್ 90 ತೋರಿಸಬಹುದು. ಹಾಗಿದ್ದರೆ ಆ ಲೋಟ ಬೇಡ. ಇನ್ನು ಹತ್ತು ನಿಮಿಷದಲ್ಲಿ ಫೋನೂ ಅಲ್ಲಿಗೆ ಬರುತ್ತದೆ.